ಹಿತ್ತಲಿಗೆ ಹೋಗಿ ಮೊಳ ಹಾಕಿದವರು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಈ ಗಾದೆಯನ್ನು ನಾನು ಮೊದಲು ಕೇಳಿದ್ದು ಶಾಲೆಯ ಉಪ್ಪಿಟ್ಟಿನ ಸಾಲಿನಲ್ಲಿ. 1970ರ ದಶಕದ ಕೊನೆಯ ವರ್ಷಗಳು. ಆಗ ನಮ್ಮ ಪ್ರಾಥಮಿಕ ಶಾಲೆಗಳಿಗೆ ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಹಳದಿ ಹಿಟ್ಟು, ಹಾಲಿನ ಪುಡಿ ಬರುತ್ತಿದ್ದವು. ಮಧ್ಯಾಹ್ನ ಆ ಹಿಟ್ಟಿನ ಉಪ್ಪಿಟ್ಟು. ಅದರ ವಾಸನೆ ನನ್ನ ವಯಸ್ಸಿನವರಿಗೆ ಇಂದಿಗೂ ಮೂಗಿನಲ್ಲಿದೆ. ಒಂದು ದಿನ ನನ್ನ ತಟ್ಟೆಯಲ್ಲಿ ಹುಳ ಕಂಡು ಬಡಿಸುವವರಿಗೆ ತೋರಿಸಿದೆ. ಅವರು ಹುಳವನ್ನು ಬೆರಳಿನಿಂದ ತೆಗೆದೆಸೆದು ಈ ಗಾದೆ ಹೇಳಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆನೆಂದು ನೆನಪು. ಹಸಿವಾಗಿತ್ತು, ತಿಂದೆ.

ಆ ಹಿಟ್ಟಿನ ಚೀಲದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದಿರುವ ಚಿತ್ರವಿರುತ್ತಿತ್ತು. ಎರಡೂ ಕೈಗಳು ಒಂದೇ ಎತ್ತರದಲ್ಲಿರುತ್ತಿದ್ದವು. ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ ಎಂಬುದನ್ನು ಚಿತ್ರ ಬರೆದವರು ಮುಚ್ಚಿಟ್ಟಿದ್ದರು ಎಂದು ಈಗ ಅನಿಸುತ್ತದೆ. ಈ ಮಾತನ್ನು ಇಲ್ಲಿ ತೆಗೆಯಲು ಒಂದು ಪುಸ್ತಕ ಕಾರಣ. ಸಮುದಾಯ ಆರೋಗ್ಯದ ವಿಷಯ ಕಲಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ತಂದುಕೊಟ್ಟು, ‘ಓದಿ ಮೇಡಂ, ಇದು ಮೇಷ್ಟ್ರುಗಳ ಪುಸ್ತಕ’ ಎಂದಳು. ‘ಎ ಸಿಂಪಲ್ ಸಲ್ಯೂಷನ್’, ಅಂದರೆ ‘ಒಂದು ಸರಳ ಪರಿಹಾರ’ ಎಂದು ಅದರ ಹೆಸರು. ಬರೆದವರು ಮುಷ್ತಾಕ್ ಚೌಧುರಿ ಮತ್ತು ರಿಚರ್ಡ್ ಕ್ಯಾಶ್. 1996ರಲ್ಲಿ ಢಾಕಾದಲ್ಲಿ ಅಚ್ಚಾದದ್ದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ಬೇಸಿಗೆ ರಜೆಗಳಲ್ಲಿ ಓದಿದೆ. ಅದನ್ನು ಓದುತ್ತಿರುವಾಗಲೇ ಅಮರ್ತ್ಯ ಸೇನರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ (1981) ಪುಸ್ತಕದಲ್ಲಿ ಬಾಂಗ್ಲಾದೇಶದ ಬರಗಾಲದ ಅಧ್ಯಾಯವನ್ನೂ ಮತ್ತೆ ತೆಗೆದು ನೋಡಬೇಕಾಯಿತು.

ಬಾಂಗ್ಲಾದೇಶವೆಂದರೆ ಕರ್ನಾಟಕದ ಮುಕ್ಕಾಲು ಪಾಲಿನಷ್ಟು ನೆಲ. ಅದರ ಮೇಲೆ ಇಂದು ಸುಮಾರು 17 ಕೋಟಿ ಜನ. 1970ರ ನವೆಂಬರಿನ ಚಂಡಮಾರುತ, 1971ರ ಯುದ್ಧ, ಇವುಗಳ ನಡುವೆ ಹುಟ್ಟಿದ ದೇಶ. ಅದು ಹುಟ್ಟುವ ಮುನ್ನವೇ, 1971ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು ಅದಕ್ಕೊಂದು ಹೀನಾಯದ ಹೆಸರಿಟ್ಟರು. ಆ ಹೆಸರು ಅಂಟಿಕೊಂಡದ್ದು ಮಾತ್ರ ಕಿಸಿಂಜರರ ಬಾಯಿಗೆ. ‘ತಳವಿಲ್ಲದ ಬುಟ್ಟಿ’ ಎಂದು ಬಂಗಾಳಿಗಳು ಅದನ್ನು ತಮ್ಮ ಭಾಷೆಗೆ ತಂದುಕೊಂಡರು. ಎಷ್ಟು ಸುರಿದರೂ ನಿಲ್ಲದು ಎಂದರ್ಥ. ಸಮಾಜ ವಿಜ್ಞಾನದ ತರಗತಿಯಲ್ಲಿ ನಾನೂ ಎಷ್ಟೋ ವರ್ಷ ಆ ದೇಶವನ್ನು ಪ್ರವಾಹ, ಸೆಣಬು, ಬಡತನ ಎಂಬ ಮೂರೇ ಪದಗಳಲ್ಲಿ ಮುಗಿಸಿದ್ದೇನೆ.

ಸೆಣಬಿನ ಮಾತನ್ನೇ ತೆಗೆದುಕೊಳ್ಳಿ. 1974ರಲ್ಲಿ ಬ್ರಹ್ಮಪುತ್ರದ ಪ್ರವಾಹ ಬಂದು, ಆಗಸ್ಟಿನಿಂದ ನವೆಂಬರಿನವರೆಗೆ ರಂಗಪುರ, ಮೈಮನಸಿಂಗ್, ಸಿಲ್ಹೆಟ್ ಜಿಲ್ಲೆಗಳಲ್ಲಿ ಜನ ಹಸಿವಿನಿಂದ ಸತ್ತರು. ಸರ್ಕಾರದ ಲೆಕ್ಕ 26,000. ಬೇರೆಯವರ ಅಂದಾಜುಗಳು ಹದಿನೈದು ಲಕ್ಷದವರೆಗೂ ಹೋಗುತ್ತವೆ. ಸತ್ತವರ ಲೆಕ್ಕದಲ್ಲೇ ಇಷ್ಟು ಅಂತರವಿರುವಾಗ ಅವರನ್ನು ಎಣಿಸಲು ಯಾರಿಗೂ ತುರ್ತಿರಲಿಲ್ಲವೆಂದೇ ತಿಳಿಯಬೇಕು. ಸೇನರು ಅಂಕಿಅಂಶ ಹಿಡಿದು ತೋರಿಸುವುದೇನೆಂದರೆ, ಆ ವರ್ಷ ದೇಶದಲ್ಲಿ ತಲಾ ಸಿಗಬಹುದಾಗಿದ್ದ ಧಾನ್ಯ ಅದರ ಹಿಂದಿನ ಮುಂದಿನ ವರ್ಷಗಳಿಗಿಂತ ಹೆಚ್ಚೇ ಇತ್ತು. ಇಲ್ಲದಿದ್ದುದು ಕೂಲಿ. ಗದ್ದೆ ಮುಳುಗಿದಾಗ ಕೂಲಿಕಾರನ ಕೆಲಸ ಮುಳುಗಿತು. ಅತ್ತ ಅಕ್ಕಿಯ ಬೆಲೆ ಏರಿತು. ಅಕ್ಕಿಯಿತ್ತು, ಆದರೆ ಅದನ್ನು ಕೊಳ್ಳುವ ಶಕ್ತಿ ಅವನ ಕೈಯಲ್ಲಿರಲಿಲ್ಲ. ಸುಮಾರು 6,000 ಗಂಜಿಕೇಂದ್ರಗಳಲ್ಲಿ 43 ಲಕ್ಷಕ್ಕೂ ಹೆಚ್ಚು ಜನ ಕೈಯೊಡ್ಡಿ ನಿಂತರು.

ಅಮೆರಿಕದ ಗೋಧಿ ಬರಬೇಕಾಗಿದ್ದ ಹೊತ್ತು ಅದು. ಅದೇ ಹೊತ್ತಿಗೆ ತಡೆ ಬಿತ್ತು. ಬಾಂಗ್ಲಾದೇಶ ಕ್ಯೂಬಾಕ್ಕೆ ಸೆಣಬಿನ ಗೋಣಿಚೀಲ ಮಾರಿತ್ತು. ಕ್ಯೂಬಾದೊಡನೆ ವ್ಯಾಪಾರ ಮಾಡುವ ದೇಶಕ್ಕೆ ಪಿ.ಎಲ್. 480 ಕಾನೂನಿನಡಿ ಧಾನ್ಯವಿಲ್ಲ ಎಂದರು. ಢಾಕಾ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಆದರೂ ಹಡಗುಗಳು ಬಂದು ಮುಟ್ಟುವ ವೇಳೆಗೆ ಬರದ ಬಿರುಸು ಬಹುಪಾಲು ಕಳೆದುಹೋಗಿತ್ತು. ನಾನು ತಿಂದ ಹಳದಿ ಉಪ್ಪಿಟ್ಟೂ ಇದೇ ಪಿ.ಎಲ್. 480ರದ್ದು. ನಮಗೆ ಬಂತು, ಅವರಿಗೆ ಬರಲಿಲ್ಲ. ಅವರು ಮಾಡಿದ ತಪ್ಪೆಂದರೆ ಭಿಕ್ಷೆಯ ಚೀಲ ಹಿಡಿದು ನಿಂತಾಗಲೇ ತಾವು ನೇಯ್ದ ಚೀಲವನ್ನು ತಮಗೆ ಬೇಕಾದವರಿಗೆ ಮಾರಿದ್ದು.

ಸೇನರ ಅಧ್ಯಾಯ ತಣ್ಣಗಿನ ಅಧ್ಯಾಯ. ಕೋಪವಿಲ್ಲ, ಕಣ್ಣೀರಿಲ್ಲ. ಗೋಧಿ ತಡವಾದ ವಿಷಯವನ್ನು ಅವರು ಹೇಳಿ ಮುಂದೆ ಹೋಗುತ್ತಾರೆ. ಏಕೆಂದರೆ ಧಾನ್ಯದ ಮೊತ್ತವೇ ಬರಕ್ಕೆ ಮೂಲವಲ್ಲ ಎಂಬುದು ಅವರ ವಾದ. ವಾದ ಸರಿ. ಆದರೆ ಸರ್ಕಾರದ ಕಣಜದಲ್ಲಿ ಧಾನ್ಯವಿಲ್ಲದಿದ್ದಾಗ ಗಂಜಿಕೇಂದ್ರ ತೆರೆಯುವುದು ತಡವಾಗುತ್ತದೆ, ಬೇಗ ಮುಚ್ಚುತ್ತದೆ. ಆ ಜಾಗದಲ್ಲಿ ಒಬ್ಬ ಸಾಮಾನ್ಯ ಓದುಗಳಾಗಿ ನಾನು ಇನ್ನೂ ನಾಲ್ಕು ಪುಟ ಬಯಸಿದೆ.

ಇನ್ನು ಚೌಧುರಿ ಮತ್ತು ಕ್ಯಾಶರ ಪುಸ್ತಕ. ಇದರ ಕಥೆ ಉಪ್ಪು, ಬೆಲ್ಲ, ನೀರಿನದು. ವಾಂತಿಭೇದಿಯಾದವರಿಗೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಬಾಯಿಯ ಮೂಲಕ ಕೊಟ್ಟೇ ಬದುಕಿಸಬಹುದು ಎಂಬುದನ್ನು ಢಾಕಾದ ಕಾಲರಾ ಸಂಶೋಧನಾಲಯ 1968ರಲ್ಲಿ ಪರೀಕ್ಷಿಸಿ ಪ್ರಕಟಿಸಿತು. ಆ ಸಂಶೋಧನಾಲಯ ನಡೆದದ್ದು ಬಹುಪಾಲು ಅಮೆರಿಕದ ಹಣದಿಂದ. ರಿಚರ್ಡ್ ಕ್ಯಾಶ್ ಆ ಪರೀಕ್ಷೆ ನಡೆಸಿದವರಲ್ಲೊಬ್ಬರು. 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಸಿರೆಗೆ ಏರಿಸುವ ದ್ರವ ಮುಗಿದುಹೋದಾಗ ಕಲ್ಕತ್ತೆಯ ವೈದ್ಯ ದಿಲೀಪ್ ಮಹಲಾನಬಿಸ್ ಅದೇ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಇಲ್ಲಿ ನನ್ನ ಮನೆಯ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. 1977ರ ಬೇಸಿಗೆಯಲ್ಲಿ ನನ್ನ ತಮ್ಮ ಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡ. ಒಂದೂವರೆ ವರ್ಷದ ಕೂಸು. ನೀರಿಗಾಗಿ ಬಾಯಿ ಬಿಡುತ್ತಿತ್ತು. ‘ನೀರು ಕೊಡಬೇಡ ಕಣೆ, ಕೊಟ್ಟಷ್ಟೂ ಹೋಗುತ್ತೆ’ ಎಂದು ಅಜ್ಜಿ ಅಮ್ಮನನ್ನು ತಡೆದರು. ಅಜ್ಜಿ ಕೆಟ್ಟವರಲ್ಲ. ಅವರಿಗೆ ತಿಳಿದದ್ದು ಅಷ್ಟು. ಅಡಿಗೆಮನೆಯಲ್ಲಿ ಬೆಲ್ಲದ ಡಬ್ಬಿಯಿತ್ತು, ಉಪ್ಪಿನ ಮರಿಗೆಯಿತ್ತು, ಬಾವಿಯಲ್ಲಿ ನೀರಿತ್ತು. ಢಾಕಾದಲ್ಲಿ ಗೊತ್ತಾಗಿ ಒಂಬತ್ತು ವರ್ಷವಾಗಿದ್ದ ವಿಷಯ ನಮ್ಮ ಅಡಿಗೆಮನೆಗೆ ಬಂದಿರಲಿಲ್ಲ. ಅದೇ ವರ್ಷ ಅಮೆರಿಕದ ಹಿಟ್ಟಿನ ಚೀಲ ಮಾತ್ರ ನಮ್ಮೂರಿನವರೆಗೆ ಬಂದಿತ್ತು. ಆದ್ದರಿಂದ ‘ಸರಳ ಪರಿಹಾರ’ ಎಂಬ ಹೆಸರನ್ನು ರಕ್ಷಾಪುಟದ ಮೇಲೆ ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು.

ಓದುತ್ತ ಹೋದಂತೆ ಸಿಟ್ಟು ಇಳಿದು ಬೇರೆಯದೇ ಒಂದು ಆಸಕ್ತಿ ಹುಟ್ಟಿತು. ಬ್ರ್ಯಾಕ್ ಎಂಬ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರು ಫಜ್ಲೆ ಹಸನ್ ಆಬೆದ್. ಶೆಲ್ ಎಣ್ಣೆ ಕಂಪನಿಯ ಲೆಕ್ಕಪತ್ರದ ಕೆಲಸ ಬಿಟ್ಟು, ಲಂಡನ್ನಿನ ಮನೆ ಮಾರಿ ಬಂದವರು. 1980ರಿಂದ 1990ರವರೆಗೆ ಈ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ನಡೆದು ಸುಮಾರು 1 ಕೋಟಿ 20 ಲಕ್ಷ ಮನೆಗಳ ತಾಯಂದಿರಿಗೆ ಈ ನೀರು ಮಾಡುವುದನ್ನು ಕಲಿಸಿದರು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ನೆನಪಿಡಲು ಹತ್ತು ಅಂಶಗಳ ಪಾಠ. ಕಪ್ಪು ಹಲಗೆಯಿಲ್ಲ, ಪುಸ್ತಕವಿಲ್ಲ, ಕಲಿಯುವವರಲ್ಲಿ ಹೆಚ್ಚಿನವರಿಗೆ ಓದು ಬರಹವಿಲ್ಲ. ಹಣ ಬಂದದ್ದು ಹೊರಗಿನಿಂದ. ಪಾಠ ಮತ್ತು ಪಾಠ ಹೇಳುವವರು ಅಲ್ಲಿಯವರೇ.

ಶಿಕ್ಷಕಿಯಾದ ನನಗೆ ಈ ಪುಸ್ತಕದ ತಿರುಳು ಕಂಡದ್ದು ಸಂಬಳದ ಪ್ರಕರಣದಲ್ಲಿ. ಪಾಠ ಮಾಡಿ ಕೆಲವು ವಾರಗಳಾದ ಮೇಲೆ ಬೇರೆಯೊಬ್ಬರು ಆ ಊರಿಗೆ ಹೋಗಿ, ಕಲಿತ ತಾಯಂದಿರಲ್ಲಿ ಕೆಲವರನ್ನು ಆರಿಸಿ, ಹತ್ತು ಅಂಶಗಳನ್ನು ಕೇಳಿ, ನೀರು ಕಲಸಿ ತೋರಿಸಲು ಹೇಳುತ್ತಿದ್ದರು. ಆ ನೀರನ್ನು ಪರೀಕ್ಷೆಗೂ ಒಯ್ಯುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಭಾವನೆ. ತಾಯಿ ಕೊನೆಯ ದರ್ಜೆಗೆ ಬಿದ್ದರೆ ಕಲಿಸಿದವಳಿಗೆ ಏನೂ ಇಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನ್ನ ಸಂಬಳ ಹೀಗೆ ನಿರ್ಧಾರವಾಗಿದ್ದರೆ ಎಷ್ಟು ತಿಂಗಳು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದೆನೋ! ಈ ಪದ್ಧತಿಯಲ್ಲಿ ಕಾಠಿಣ್ಯವಿದೆ. ಬಡ ಹುಡುಗಿಯ ದಿನಗೂಲಿಯನ್ನು ಇನ್ನೊಬ್ಬ ಬಡ ಹೆಂಗಸಿನ ನೆನಪಿನ ಮೇಲೆ ನಿಲ್ಲಿಸುವುದು ನ್ಯಾಯವೇ ಎಂದು ಲೇಖಕರು ಇನ್ನಷ್ಟು ಕೇಳಿಕೊಳ್ಳಬೇಕಿತ್ತು. ಆದರೂ ಒಂದು ಮಾತು ಒಪ್ಪಬೇಕು. ಇಲ್ಲಿ ದಟ್ಟಿಗೆ ಮೊಳ ಹಾಕಿದ್ದಾರೆ. ಎಷ್ಟು ಕೊಟ್ಟೆವು ಎಂದು ಬರೆದು ಮುಗಿಸದೆ, ತೆಗೆದುಕೊಂಡವಳ ಕೈಯಲ್ಲಿ ಏನು ಉಳಿಯಿತು ಎಂದು ಹೋಗಿ ನೋಡಿದ್ದಾರೆ.

ಮೊಳ ಹಾಕಿದಾಗ ಕಂಡದ್ದು ಸಂತೋಷದ ಸಂಗತಿಯಾಗಿರಲಿಲ್ಲ. ತಾಯಂದಿರಿಗೆ ಪಾಠ ಬಾಯಿಗೆ ಬರುತ್ತಿತ್ತು. ಮಗುವಿಗೆ ಭೇದಿಯಾದಾಗ ಮಾತ್ರ ಆ ನೀರನ್ನು ಕೊಟ್ಟವರು ಬಹಳ ಕಡಿಮೆ. ಏಕೆಂದು ಕೆದಕಿದರೆ ಎರಡು ಕಾರಣ. ಒಂದು, ಕಲಿಸುವವರಲ್ಲೇ ಹೆಚ್ಚಿನವರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ತಮಗೇ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಎರಡು, ಮನೆಯ ಗಂಡಸರಿಗೆ ಯಾರೂ ಹೇಳಿರಲಿಲ್ಲ. ಹೇಳದೆ ಕೇಳದೆ ಹೆಂಡತಿಗೆ ಕಲಿಸಿದ ಮದ್ದನ್ನು ಗಂಡ ಒಪ್ಪಲಿಲ್ಲ. ಆಮೇಲೆ ಕೆಲಸಗಾರರಿಗೆ ಹೊಸದಾಗಿ ತರಬೇತಿ ಕೊಟ್ಟರು. ಪಾಠ ಹೇಳುವಾಗ ಆ ನೀರನ್ನು ತಾವೂ ಗುಟುಕರಿಸಬೇಕೆಂದರು. ಗಂಡಸರೊಡನೆ ಮಾತಾಡಲು ಮಸೀದಿಗೆ, ಸಂತೆಗೆ, ಚಹಾದಂಗಡಿಗೆ ಹೋದರು. ಬಳಕೆ ಏರಿತು. ತಮ್ಮ ಸಂಸ್ಥೆಯ ಈ ಸೋಲನ್ನು ಬಚ್ಚಿಡದೆ ಬರೆದದ್ದು ಪುಸ್ತಕದ ಅತ್ಯುತ್ತಮ ಗುಣ. ನೆರವಿನ ವರದಿಗಳಲ್ಲಿ ಇಂಥ ಪುಟ ಕಾಣಸಿಗುವುದು ಅಪರೂಪ.

ಆಕ್ಷೇಪಗಳೂ ಇವೆ. ಮೊದಲನೆಯದು ಹೆಸರಿನದು. ಒಳಗಿನ ಪುಟಗಳೇ ಹೆಸರನ್ನು ಸುಳ್ಳಾಗಿಸುತ್ತವೆ. ಹತ್ತು ವರ್ಷ, ಕೋಟಿಗೂ ಮಿಕ್ಕಿದ ಮನೆಗಳು, ನಂಬಿಕೆ, ಗಂಡ, ಅತ್ತೆ, ಸಂಬಳ, ಮಳೆಗಾಲದ ದೋಣಿ, ಇಷ್ಟೆಲ್ಲ ಸೇರಿದ್ದನ್ನು ಸರಳವೆಂದು ಕರೆದರೆ ಆ ನಡೆದ ಕಾಲುಗಳಿಗೆ ಅನ್ಯಾಯ. ಚಿಟಿಕೆ ಸರಳ, ಚಿಟಿಕೆಯನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯುವುದು ಸರಳವಲ್ಲ. ಎರಡನೆಯದು, ತಾಯಂದಿರು ಇಲ್ಲಿ ಬರುವುದು ಹೆಚ್ಚಾಗಿ ಶೇಕಡಾವಾರಿನಲ್ಲಿ. ನಮ್ಮಮ್ಮನಂಥವಳು ಚಿಟಿಕೆ ಉಪ್ಪು ಕೈಯಲ್ಲಿ ಹಿಡಿದು ಅತ್ತೆಯ ಮುಖ ನೋಡಿದಾಗ ಏನೆಂದುಕೊಂಡಳು? ಆ ಮಾತು ಕೋಷ್ಟಕದಲ್ಲಿ ಹಿಡಿಸುವುದಿಲ್ಲ. ಲೇಖಕರು ಒಳಗಿನವರೇ ಆದ್ದರಿಂದ ಕೇಳಿ ಬರೆಯುವುದು ಅವರಿಗೆ ಕಷ್ಟವಿರಲಿಲ್ಲ.

ಮೂರನೆಯದು ಆಕ್ಷೇಪವಲ್ಲ, ಇಂದು ಓದುವವರಿಗೆ ಮೂಡುವ ನಡುಕ. ಉಪ್ಪನ್ನು ಅಳೆದರು, ಬೆಲ್ಲವನ್ನು ಅಳೆದರು, ನೀರು ಅರ್ಧ ಸೇರು ಎಂದರು. ಆ ನೀರು ಎಲ್ಲಿಂದ ಬಂತು?

ಕೆರೆಕುಂಟೆಯ ನೀರು ಕುಡಿದು ಮಕ್ಕಳು ಸಾಯುತ್ತವೆಂದು 1970ರ ದಶಕದಿಂದ ಯುನಿಸೆಫ್ ಮತ್ತು ಅಲ್ಲಿಯ ಸರ್ಕಾರ ಕೊಳವೆಬಾವಿ ಕೊರೆಸಿದವು. ಉದ್ದೇಶ ಒಳ್ಳೆಯದು. ಜನರಿಗೂ ಹಿಡಿಸಿತು. ಸಾಲ ಮಾಡಿ ತಾವೇ ಕೊರೆಸಿಕೊಂಡರು. ಲಕ್ಷಗಟ್ಟಲೆ ಬಾವಿಗಳಾದವು. ರೋಗಾಣುವಿಲ್ಲದ ಶುದ್ಧ ನೀರು ಎಂದರು. ಆ ನೀರಿನಲ್ಲಿ ನೆಲದಡಿಯ ಆರ್ಸೆನಿಕ್ ಇತ್ತು. ನಮ್ಮವರು ಪಾಷಾಣವೆನ್ನುವ ವಿಷದ ಮೂಲಧಾತು. ನೆರೆಯ ಪಶ್ಚಿಮ ಬಂಗಾಳದಲ್ಲಿ 1980ರ ದಶಕದ ಆರಂಭದಲ್ಲೇ ರೋಗಿಗಳು ಪತ್ತೆಯಾಗಿದ್ದರು. ಬಾಂಗ್ಲಾದೇಶದಲ್ಲಿ ಖಚಿತವಾದದ್ದು 1993ರಲ್ಲಿ. ಅಂಗೈ ಅಂಗಾಲು ಗಂಟುಗಟ್ಟಿ, ಮೈಮೇಲೆ ಕರಿಯ ಚುಕ್ಕೆ ಬಿದ್ದು, ಕೆಲವರಿಗೆ ಕ್ಯಾನ್ಸರಾಗಿ ಹೊರಬರುವ ವಿಷ. ದಶಕದ ಕೊನೆಯ ಸಮೀಕ್ಷೆಯಲ್ಲಿ ನೂರು ಆಳವಿಲ್ಲದ ಬಾವಿಗಳಲ್ಲಿ 27ರಲ್ಲಿ ಆ ದೇಶದ ಮಿತಿಯನ್ನು ಮೀರಿದ ಆರ್ಸೆನಿಕ್ ಸಿಕ್ಕಿತು. ಮೂರೂವರೆ ಕೋಟಿ ಜನ ಅಂಥ ನೀರು ಕುಡಿಯುತ್ತಿದ್ದರು. ಬೋರ್‌ವೆಲ್ಲಿನ ಫ್ಲೋರೈಡಿನಿಂದ ಹಲ್ಲು ಕಂದಿದ ಪಾವಗಡ ಸೀಮೆಯ ಮಕ್ಕಳನ್ನು ಕಂಡ ನಮಗೆ ಇದು ದೂರದ ಕಥೆಯೇನಲ್ಲ.

1992ರಲ್ಲಿ ಬ್ರಿಟನ್ನಿನ ಭೂಗರ್ಭ ಸಂಸ್ಥೆ ಅಲ್ಲಿಯ ಅಂತರ್ಜಲವನ್ನು ಪರೀಕ್ಷಿಸಿತ್ತು. ಹತ್ತಾರು ಧಾತುಗಳನ್ನು ಹುಡುಕಿದ ಆ ಪರೀಕ್ಷೆಯಲ್ಲಿ ಆರ್ಸೆನಿಕ್ ಸೇರಿರಲಿಲ್ಲ. ವಿಷವುಂಡವರು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ದಾವೆಯನ್ನು ವಜಾ ಮಾಡಿತು. ಆ ಜನರ ವಿಷಯದಲ್ಲಿ ಆ ಸಂಸ್ಥೆಗೆ ಕಾನೂನಿನ ಹೊಣೆಯಿರಲಿಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ಮಾತು ನನಗೆ ತಿಳಿಯದು. ನನಗೆ ತಿಳಿದದ್ದು ಉಪ್ಪಿಟ್ಟಿನ ಸಾಲಿನ ಮಾತು. ಧರ್ಮದ ದಟ್ಟಿ ತಾನೇ, ಮೊಳ ಹಾಕಬೇಡ.

ಕೊನೆಗೆ ಮೊಳ ಹಾಕಲೇಬೇಕಾಯಿತು. ಸುಮಾರು 50 ಲಕ್ಷ ಬಾವಿಗಳ ನೀರನ್ನು ಪರೀಕ್ಷಿಸಿ, ಕುಡಿಯಬಾರದ ಬಾವಿಯ ಬಾಯಿಗೆ ಕೆಂಪು, ಕುಡಿಯಬಹುದಾದ್ದಕ್ಕೆ ಹಸಿರು ಬಣ್ಣ ಬಳಿದರು. 14 ಲಕ್ಷ ಬಾವಿಗಳು ಕೆಂಪಾದವು. ಹಳ್ಳಿಯ ಹೆಂಗಸರೂ ತರಬೇತಿ ಪಡೆದು ಈ ಪರೀಕ್ಷೆ ಮಾಡಬಲ್ಲರೆಂದು ಬ್ರ್ಯಾಕ್ ತೋರಿಸಿಕೊಟ್ಟಿತ್ತು. ಅದೇ ಕೆಲಸವನ್ನು ಇಪ್ಪತ್ತು ವರ್ಷ ಮೊದಲೇ, ಮೊದಲ ಬಾವಿಯ ಪಕ್ಕದಲ್ಲೇ ಮಾಡಬಹುದಿತ್ತಲ್ಲ ಎಂಬ ಪ್ರಶ್ನೆಗೆ ಉತ್ತರ ಹೇಳುವವರಿಲ್ಲ.

ವಿದೇಶಿ ನೆರವೇ ಬೇಡ ಎಂದು ವಾದಿಸುವವರು ಈ ವಿಷದ ಕಥೆಯನ್ನೇ ಹೇಳುತ್ತಾರೆ. ಬೇಕು ಎನ್ನುವವರು ಉಪ್ಪುಬೆಲ್ಲದ ಕಥೆಯನ್ನು ಹೇಳುತ್ತಾರೆ. ಎರಡೂ ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ, ಹೊರಗಿನ ಹಣದಿಂದ ನಡೆದವು. ವ್ಯತ್ಯಾಸವಿದ್ದದ್ದು ಒಂದರಲ್ಲಿ ಮಾತ್ರ. ಒಂದು ಕಡೆ ತೆಗೆದುಕೊಂಡವರ ಮನೆಗೆ ಮರಳಿ ಹೋಗಿ ಕೇಳಿದರು. ಇನ್ನೊಂದು ಕಡೆ ಬಾವಿಗಳನ್ನು ಎಣಿಸಿ ವರದಿ ಬರೆದರು. ಸ್ವಂತ ಹಣವಾದರೆ ಎಲ್ಲ ಸರಿಹೋಗುತ್ತದೆಂದೂ ಅಲ್ಲ. ಭ್ರಷ್ಟಾಚಾರದ ಆರೋಪ ಹೊರಿಸಿ 2012ರಲ್ಲಿ ವಿಶ್ವಬ್ಯಾಂಕು ಪದ್ಮಾ ಸೇತುವೆಯ 120 ಕೋಟಿ ಡಾಲರ್ ಸಾಲವನ್ನು ರದ್ದುಪಡಿಸಿದಾಗ ಬಾಂಗ್ಲಾದೇಶ ತನ್ನ ಹಣದಿಂದಲೇ ಕಟ್ಟಿ 2022ರಲ್ಲಿ ತೆರೆಯಿತು. ಹೆಮ್ಮೆಪಡಬೇಕಾದ ಸಾಹಸವೇ. ಆದರೆ ವೆಚ್ಚ ಮೊದಲ ಅಂದಾಜಿನ ಮೂರು ಪಟ್ಟಿನ ಹತ್ತಿರ ಹೋಯಿತು. ಆ ದಟ್ಟಿಗೆ ಮೊಳ ಹಾಕಬೇಕಾದವರು ಅಲ್ಲಿಯ ಪ್ರಜೆಗಳೇ.

ಒಟ್ಟಿನಲ್ಲಿ ಬುಟ್ಟಿಗೆ ತಳವಿತ್ತು. 1990ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 145 ಐದು ತುಂಬುವ ಮೊದಲೇ ಸಾಯುತ್ತಿದ್ದವು. ಇಂದು ಆ ಸಂಖ್ಯೆ 30ರ ಆಸುಪಾಸಿನಲ್ಲಿದೆ. 2015ರಲ್ಲಿ ವಿಶ್ವಬ್ಯಾಂಕು ಆ ದೇಶವನ್ನು ಕಡಿಮೆ ಆದಾಯದ ಪಟ್ಟಿಯಿಂದ ಮೇಲಿನ ಪಟ್ಟಿಗೆ ಏರಿಸಿತು. ಆದರೆ ಕೈಕೈ ಹಿಡಿದ ಚಿತ್ರದ ಚೀಲ ಕಳಿಸುತ್ತಿದ್ದ ಅಮೆರಿಕದ ಯುಎಸ್ಏಡ್ ಸಂಸ್ಥೆಯನ್ನೇ 2025ರಲ್ಲಿ ಮುಚ್ಚಿದರು. ಆ ವರ್ಷದ ಆರಂಭದಲ್ಲಿ ಹಣ ನಿಂತ ಕೂಡಲೇ, ಉಪ್ಪುಸಕ್ಕರೆಯ ನೀರನ್ನು ಪರೀಕ್ಷಿಸಿದ ಆ ಢಾಕಾದ ಸಂಶೋಧನಾಲಯದಲ್ಲೇ ಸಾವಿರಕ್ಕೂ ಹೆಚ್ಚು ಜನಕ್ಕೆ ಕೆಲಸ ಹೋಯಿತು. 1974ರಲ್ಲಿ ಗೋಧಿ ನಿಂತಂತೆಯೇ. ಕೊಡುವವರ ಮನಸ್ಸು ಬದಲಾಗುವುದಕ್ಕೆ ತೆಗೆದುಕೊಳ್ಳುವವರ ತಪ್ಪೇ ಬೇಕೆಂದಿಲ್ಲ.

ಈ ಗಾದೆಯನ್ನು ಕಟ್ಟಿದವರು ದಟ್ಟಿ ಕೊಟ್ಟವರ ಕಡೆಯವರೇ ಇರಬೇಕು. ತೆಗೆದುಕೊಂಡವಳು ಹಿತ್ತಲಿಗೇಕೆ ಹೋದಳು? ಅಂಗಳದಲ್ಲಿ ಅಳೆದರೆ ಕೊಟ್ಟವರು ಸಿಟ್ಟಾಗುತ್ತಾರೆಂದು. ಅವಳ ಲೆಕ್ಕ ಅವಳಿಗೆ ಬೇಕಿತ್ತು. ಆ ಬಟ್ಟೆ ಮಗಳ ಮೈ ಮುಚ್ಚುತ್ತದೆಯೋ ಇಲ್ಲವೋ ನೋಡಬೇಕಿತ್ತು. ವಿದ್ಯಾರ್ಥಿನಿಗೆ ಪುಸ್ತಕ ಹಿಂದಿರುಗಿಸುವಾಗ, ಇದನ್ನು ಕನ್ನಡಕ್ಕೆ ಯಾರಾದರೂ ತರಬೇಕು ಎಂದೆ. ತರುವವರು ಹೆಸರನ್ನು ಬದಲಿಸಲಿ. ಅಮ್ಮ ಇಂದಿಗೂ ಯಾವ ಮಗುವಿಗೆ ಭೇದಿಯಾಗಿದೆ ಎಂದು ಕೇಳಿದರೂ ಮೊದಲು, ‘ನೀರು ಕೊಟ್ರಾ?’ ಎನ್ನುತ್ತಾಳೆ. ಅವಳಿಗೆ ಅದನ್ನು ಕಲಿಸಲು ನಮ್ಮ ಮನೆಗೆ ಯಾರೂ ನಡೆದು ಬಂದಿರಲಿಲ್ಲ.